ಓಲೆಯ ಹದ

ಫಾಲ್ಗುಣ ಚೈತ್ರಗಳಲ್ಲಿ ಕಡೂರಿನ ಮೇಲೆ ಬೀಸುವ ಗಾಳಿಯನ್ನು ಅಲ್ಲಿ ಬಾಳಿದವರೇ ಬಲ್ಲರು. ಬಾಬಾಬುಡನ್‌ಗಿರಿಯ ಸಾಲು ಅಷ್ಟೇನೂ ದೂರವಿಲ್ಲ. ಆದರೆ ಅದರ ಮಳೆಯು ಬೆಟ್ಟದ ಬುಡದ ತರೀಕೆರೆಯ ತೋಟಗಳನ್ನು ತೋಯಿಸುವಷ್ಟು ಕಡೂರನ್ನು ತೋಯಿಸುವುದಿಲ್ಲ. ಏಳೆಂಟು ಹರದಾರಿಯೊಳಗೆ ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ಮೊದಲಾಗುತ್ತದೆ. ಬೇಸಗೆಯಲ್ಲಿ ಇಲ್ಲಿಯ ಬಾಗಿಲಿನ ಹಲಗೆಗಳು ಬಿರಿಯುತ್ತವೆ. ಬೆಳಗ್ಗೆ ತಂದ ವೀಳ್ಯದೆಲೆಯು ಒದ್ದೆಬಟ್ಟೆಯ ಆಶ್ರಯವಿಲ್ಲದಿದ್ದರೆ ಸಂಜೆಗೆ ಸೊರಗುತ್ತದೆ. ಇದೆಲ್ಲ ಎಲ್ಲರೂ ಕಂಡದ್ದೇ. ಅದೇ ಗಾಳಿಯು ಒಂದು ಮನೆಯ ಪಿತೃಗಳ ಹೆಸರನ್ನು ಅಳಿಸುವುದರಲ್ಲಿತ್ತೆಂಬುದು ಮಾತ್ರ ಆ ಮನೆಯವರಿಗೂ ಬಹುಕಾಲ ತಿಳಿದಿರಲಿಲ್ಲ.

ಆ ಮನೆಯ ಯಜಮಾನರಿಗೆ ಈಗ ಎಪ್ಪತ್ತೆರಡು ವರ್ಷ. ಅವರ ತಂದೆಯವರು ತರೀಕೆರೆಯ ಕಡೆಯಿಂದ ಬಂದು ಕಡೂರಿನಲ್ಲಿ ನೆಲಸಿದವರು. ಭಾಗವಾದಾಗ ಅವರ ಪಾಲಿಗೆ ಬಂದ ಸಾಮಾನುಗಳಲ್ಲಿ ಎರಡು ಓಲೆಯ ಕಟ್ಟುಗಳೂ ಇದ್ದವು. ಒಂದರಲ್ಲಿ ಮನೆಮದ್ದಿನ ಯೋಗಗಳು. ಇನ್ನೊಂದರಲ್ಲಿ ಪ್ರಯೋಗವಿಧಿಗಳು, ಅದರ ಕೊನೆಯ ಹದಿನಾರು ಓಲೆಗಳಲ್ಲಿ ವಂಶದವರ ಹೆಸರುಗಳು, ಗಂಡಸರವು ಮಾತ್ರವಲ್ಲದೆ ಮನೆಗೆ ಬಂದ ಸೊಸೆಯರವೂ. ಶ್ರಾದ್ಧದಲ್ಲಿ ಉಚ್ಚರಿಸುವುದು ಮೂರು ತಲೆಗಳ ಹೆಸರನ್ನು. ನಾಲ್ಕನೆಯವರು ಪಿಂಡದಿಂದ ದೂರವಾಗುವಂತೆ ಬಾಯಿಂದಲೂ ದೂರವಾಗುತ್ತಾರೆ. ಆ ಹಿರಿಯರೆಲ್ಲ ಉಳಿದಿದ್ದುದು ಈ ಹದಿನಾರು ಓಲೆಗಳಲ್ಲಿ ಮಾತ್ರ.

ಈಗ್ಗೆ ಮೂರು ಯುಗಾದಿಗಳ ಹಿಂದೆ ಬೆಂಗಳೂರಿನಿಂದ ಬಂದ ಮೊಮ್ಮಗನು ಅವನ್ನೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದಿಡುವೆನೆಂದು ಹೊರಟನು. ಆಶಯ ಒಳ್ಳೆಯದೇ. ಕಬ್ಬಿಣದ ಬೀರುವಿನಿಂದ ಕಟ್ಟನ್ನು ಇಳಿಸಿ, ದಾರ ಬಿಚ್ಚಿ, ಬಾಗಿದ್ದ ಒಂದು ಓಲೆಯನ್ನು ನೆಟ್ಟಗೆ ಮಾಡಲು ಬೆರಳಿನಿಂದ ಒತ್ತಿದನು. ಹಪ್ಪಳ ಮುರಿದಂತೆ ಸಪ್ಪಳವಾಯಿತು. ಓಲೆ ಮೂರು ತುಂಡಾಗಿ, ನಡುವಿನ ಚೂರು ಪುಡಿಯಾಗಿ ಚಾಪೆಯ ಮೇಲೆ ಉದುರಿತು. ಹುಡುಗನ ಮುಖ ಕಪ್ಪಿಟ್ಟಿತು. ಯಜಮಾನರು ಏನೂ ಹೇಳಲಿಲ್ಲ. ತುಂಡುಗಳನ್ನು ಕಾಗದದ ಮೇಲೆ ಹೊಂದಿಸಿ ನೋಡಿದರು. ಒಬ್ಬ ಹೆಂಗಸಿನ ಹೆಸರಿನಲ್ಲಿ ಮೊದಲಿನ ಎರಡಕ್ಷರ ಮಾತ್ರ ಉಳಿದಿದ್ದವು: ಲಕ್ಷ್ಮಿಯೋ, ಲಕ್ಷ್ಮಮ್ಮನೋ, ಲಕ್ಷ್ಮೀದೇವಿಯೋ, ಇನ್ನು ತಿಳಿಯುವಂತಿಲ್ಲ.

“ಕಟ್ಟಿಬಿಡು ಮಗು, ಇನ್ನು ಮುಟ್ಟಬೇಡ” ಎಂದಷ್ಟೇ ಅಂದರು.

ತಪ್ಪು ಹುಡುಗನದಲ್ಲ. ಓಲೆಯು ಸತ್ತ ವಸ್ತುವೆಂದು ತೋರಿದರೂ ಸುತ್ತಣ ಗಾಳಿಯೊಡನೆ ಅದರ ಕೊಡುಕೊಳ್ಳುವಿಕೆ ನಿಂತಿರುವುದಿಲ್ಲ. ಗಾಳಿ ಒಣಗಿದರೆ ತನ್ನಲ್ಲಿರುವ ನೀರಿನ ಅಂಶವನ್ನು ಕೊಡುತ್ತದೆ. ಗಾಳಿ ತೇವವಾದರೆ ಹೀರುತ್ತದೆ. ಎರಡೂ ಸಮವಾದಲ್ಲಿ ನಿಲ್ಲುತ್ತದೆ. ಶ್ರೀತಾಳದ ಓಲೆ ತೆಳುವಾಗಿ ಬಳುಕುವಂಥದು. ತಾಳೆಯ ಓಲೆ ದಪ್ಪ, ಬಿರುಸು. ಈ ಮನೆಯದು ತಾಳೆಯದು. ಹಿಂದೆ ತರೀಕೆರೆಯ ಕಡೆಯ ಮನೆಯಲ್ಲಿ ಕಟ್ಟುಗಳಿದ್ದುದು ಅಡಿಗೆಮನೆಯ ಅಟ್ಟದಲ್ಲಿ. ಒಲೆಯ ಹೊಗೆ ಹುಳುವನ್ನು ದೂರವಿಡುತ್ತಿತ್ತು, ಅನ್ನದ ಹಬೆ ಮತ್ತು ಮಳೆಗಾಲದ ತಣ್ಪು ಓಲೆಯನ್ನು ಮೆದುವಾಗಿಡುತ್ತಿದ್ದವು. ವರ್ಷಕ್ಕೊಮ್ಮೆ ಕಟ್ಟು ಬಿಚ್ಚಿ ಎಣ್ಣೆಯ ಕೈಯಾಡಿಸುವ ವಾಡಿಕೆಯೂ ಇತ್ತು. ಕಡೂರಿನಲ್ಲಿ ಹಳೆಯ ಮನೆ ಹೋಗಿ ತಾರಸಿಯ ಮನೆಯಾಯಿತು, ಹೊಗೆಯಿಲ್ಲದ ಒಲೆ ಬಂತು. ಕಟ್ಟುಗಳನ್ನು ಭದ್ರವಾಗಿರಲೆಂದು ಕಬ್ಬಿಣದ ಬೀರುವಿನಲ್ಲಿಟ್ಟು, ಬೀರುವನ್ನು ಸಂಜೆಯ ಬಿಸಿಲು ಬಡಿಯುವ ಪಡುವಣ ಗೋಡೆಗೆ ಒತ್ತಿದರು. ಭದ್ರತೆಯೇ ಮೃತ್ಯುವಾಯಿತು. ಪೂಜ್ಯವಸ್ತುವೆಂದು ಬೀಗ ಹಾಕಿದುದನ್ನು ಮೂವತ್ತು ವರ್ಷ ಯಾರೂ ತೆರೆಯಲಿಲ್ಲ. ಎಷ್ಟೋ ಮನೆಗಳಲ್ಲಿ ಭಕ್ತಿಯೆಂದರೆ ಇಷ್ಟೇ.

ಸಲಹೆ ಕೊಡುವವರಿಗೇನೂ ಕೊರತೆಯಿರಲಿಲ್ಲ. ಒಬ್ಬರು ಒದ್ದೆಬಟ್ಟೆಯಿಂದ ಒರೆಸಿರೆಂದರು. ಹಾಗೆ ಮಾಡಿದ್ದರೆ ಅಕ್ಷರಗಳ ಕಾಡಿಗೆ ಹರಡಿ, ಓಲೆ ಒಂದು ಮಗ್ಗುಲು ಉಬ್ಬಿ ಸೊಟ್ಟಗಾಗುತ್ತಿತ್ತು. ಇನ್ನೊಬ್ಬರು ಎಳ್ಳೆಣ್ಣೆ ಸುರಿಯಿರೆಂದರು. ಹಳೆಯ ಲಿಪಿಕಾರರು ಗ್ರಂಥವನ್ನು ಎಣ್ಣೆಯಿಂದಲೂ ನೀರಿನಿಂದಲೂ ಕಾಪಾಡಿರೆಂದು ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದುದು ಸುಮ್ಮನೆಯಲ್ಲ. ಎಣ್ಣೆ ಬೇಕು, ಆದರೆ ಬೆರಳ ತುದಿಯಷ್ಟು. ಅದೂ ಒಣಗಿ ಗರಿಗರಿಯಾದ ಓಲೆಗೆ ಮೊದಲು ಬೇಕಾದುದು ಎಣ್ಣೆಯಲ್ಲ, ತೇವ.

ದಾರಿ ಹೊಳೆದುದು ಯಜಮಾನರಿಗೇ, ಅದೂ ಅವರು ಬಿಟ್ಟುಬಿಟ್ಟಿದ್ದ ಒಂದು ಚಟದಿಂದ. ನಲವತ್ತು ವರ್ಷ ಅವರು ಎಲೆ ಅಡಕೆಯೊಡನೆ ಹೊಗೆಸೊಪ್ಪು ಹಾಕಿದವರು. ಒಳ್ಳೆಯ ಸೊಪ್ಪನ್ನು ತರಿಸಿ, ಮುಚ್ಚಳವಿರುವ ತಾಮ್ರದ ಕೊಳಗದಲ್ಲಿ ಇಟ್ಟುಕೊಳ್ಳುತ್ತಿದ್ದರು. ಬೇಸಗೆಯಲ್ಲಿ ಸೊಪ್ಪು ಒಣಗಿ ಪುಡಿಯಾದರೆ ಅದಕ್ಕೆ ನೀರು ಚಿಮುಕಿಸುತ್ತಿರಲಿಲ್ಲ. ನೀರು ಬಿದ್ದಲ್ಲಿ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಕೊಳಗದ ತಳದಲ್ಲಿ ಹಿಂಡಿದ ಒದ್ದೆಬಟ್ಟೆ, ಅದರ ಮೇಲೆ ತಾಗದಂತೆ ಬಿದಿರಿನ ತಟ್ಟಿ, ತಟ್ಟಿಯ ಮೇಲೆ ಸೊಪ್ಪು, ಮೇಲೆ ಮುಚ್ಚಳ. ಬೆಳಗಾಗುವಷ್ಟರಲ್ಲಿ ಸೊಪ್ಪು ರೇಷ್ಮೆಯಂತೆ ಬಗ್ಗುತ್ತಿತ್ತು. ಹೊಗೆಸೊಪ್ಪಿನ ಬೆಳೆಗಾರರು ಒಣಗಿಸಿದ ಎಲೆಯನ್ನು ಇಬ್ಬನಿಯ ನಸುಕಿನಲ್ಲಿಯೇ ಮುಟ್ಟುವುದೂ ಇದೇ ಕಾರಣದಿಂದ. ಹಗಲಿನಲ್ಲಿ ಮುಟ್ಟಿದರೆ ಚೂರಾಗುತ್ತದೆ. 19ನೆಯ ಶತಮಾನದಲ್ಲಿ ತಿರುಚಿನಾಪಳ್ಳಿಯ ಚುಟ್ಟಾಗಳು ಇಂಗ್ಲೆಂಡಿನವರೆಗೆ ಹೋಗುತ್ತಿದ್ದವು. ಕ್ಯೂಬಾದ ಚುಟ್ಟಾಗಳನ್ನು ಇಂದಿಗೂ ಶೋಕಿದಾರರು ಮರದ ಪೆಟ್ಟಿಗೆಯಲ್ಲಿ, ಒದ್ದೆ ಸ್ಪಂಜಿನ ಜೊತೆಗೆ, ತೇವಾಂಶವನ್ನು ನೂರಕ್ಕೆ 65ರಿಂದ 70ರೊಳಗೆ ನಿಲ್ಲಿಸಿ ಕಾಪಾಡುತ್ತಾರೆ. ಒಣಗಿದ ಚುಟ್ಟಾಕ್ಕೆ ಅವರು ಕೊಡುವ ಚಿಕಿತ್ಸೆಯೂ ಇದೇ, ನಿಧಾನವಾಗಿ, ವಾರಗಟ್ಟಲೆ. ಅವಸರ ಮಾಡಿದರೆ ಒಳಗಣ ಎಲೆ ಉಬ್ಬಿ ಹೊರಗಣ ಸುತ್ತು ಸೀಳುತ್ತದೆ. ಸುಡುವ ಎಲೆಗೆ ಅಷ್ಟು ಉಪಚಾರ, ಓದುವ ಎಲೆಗೆ ಬೀಗ!

ಯಜಮಾನರ ಬಾಯಿಯಲ್ಲಿ ಬಿಳಿಯ ಮಚ್ಚೆ ಕಂಡು, ಹೊಗೆಸೊಪ್ಪು ಬಾಯಿಯ ಕ್ಯಾನ್ಸರಿಗೆ ದಾರಿಯೆಂದು ವೈದ್ಯರು ಖಂಡಿತವಾಗಿ ಹೇಳಿದ ಮೇಲೆ ಆ ಕೊಳಗ ಬರಿದಾಗಿ ಅಟ್ಟ ಸೇರಿತ್ತು. ಅದನ್ನು ಇಳಿಸಿದಾಗ ಮನೆಯಾಕೆ ಅನುಮಾನದಿಂದ ನೋಡಿದರು.

“ಮತ್ತೆ ಶುರುವೇ?”

“ನನಗಲ್ಲವೇ, ಹಿರಿಯರಿಗೆ” ಎಂದರು ಯಜಮಾನರು.

ಆಕೆ ಕೊಳಗವನ್ನು ಹುಣಸೆಹಣ್ಣು ಬೂದಿಗಳಿಂದ ಬೆಳಗಿ ಎರಡು ದಿನ ಬಿಸಿಲಿಗಿಟ್ಟಲ್ಲದೆ ಕೊಡಲಿಲ್ಲ. ವಾಸನೆಯ ಸಲುವಾಗಿ ಮಾಡಿದ ಆ ಕೆಲಸ ಇನ್ನೊಂದು ಬಗೆಯಲ್ಲಿಯೂ ಯುಕ್ತವಾಗಿತ್ತು: ಹೊಗೆಸೊಪ್ಪನ್ನು ಕೊರೆಯುವ ಕಂದು ಬಣ್ಣದ ಚಿಕ್ಕ ಹುಳು ಓಲೆಗರಿಯನ್ನೂ ಕೊರೆಯುವಂಥದು.

ಮೊದಲು ಪರೀಕ್ಷೆಗಾಗಿ ಬರೆಹವಿಲ್ಲದ ಕಾಪಿನ ಓಲೆಗಳೆರಡನ್ನು ತಟ್ಟಿಯ ಮೇಲೆ ಇಟ್ಟರು. ಮೂರನೆಯ ದಿನ ಅವು ಸ್ವಲ್ಪ ಬಗ್ಗಿದವು; ಐದನೆಯ ದಿನ ಮುಚ್ಚಳ ತೆರೆದಾಗ ಮುಗ್ಗಲು ವಾಸನೆ ಬಂದು, ಒಂದರ ಅಂಚಿನಲ್ಲಿ ಬೂದುಬಣ್ಣದ ನವಿರು ಕಂಡಿತು. ಮುಚ್ಚಿದ ಕೊಳಗದ ಗಾಳಿ ತಡೆಯಿಲ್ಲದೆ ತೇವ ಹೀರಿ ತುಂಬಿಕೊಳ್ಳುತ್ತದೆ. ನೂರಕ್ಕೆ 70ನ್ನು ದಾಟಿ ಅಲ್ಲಿಯೇ ನಿಂತರೆ ಬೂಷ್ಟಿಗೆ ಅದೇ ಹಬ್ಬ. ಓಲೆಗೆ ಹಿತವಾದುದು 50ರಿಂದ 60ರೊಳಗೆ. ಆದುದರಿಂದ ಆಮೇಲೆ ಬಟ್ಟೆಯನ್ನು ಬಲವಾಗಿ ಹಿಂಡಿ, ಬೆಳಗ್ಗೆ ಸಂಜೆ ಮುಚ್ಚಳ ತೆರೆದು ಗಾಳಿಯಾಡಿಸಿ, ಒಂದು ಸಲಕ್ಕೆ ನಾಲ್ಕೇ ಓಲೆಗಳನ್ನು ಒಣ ಮಲ್‌ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಇಟ್ಟರು. ಎರಡು ಹಗಲು, ಮೂರು ಹಗಲು. ಬೆರಳ ಮೇಲೆ ಎತ್ತಿದಾಗ ಓಲೆಯ ತುದಿ ತಾನಾಗಿ ತುಸು ತೂಗಿದರೆ ಹದವಾಯಿತೆಂದು ಲೆಕ್ಕ. ಹೊರತೆಗೆದು, ಎರಡು ಹಲಗೆಗಳ ನಡುವೆ ಹಗುರವಾದ ಭಾರ ಹೇರಿ ನೆಟ್ಟಗಾಗಿಸಿ, ಕಡೆಗೆ ನಿಂಬೆಹುಲ್ಲಿನ ಎಣ್ಣೆಯನ್ನು ಮೃದುವಾದ ಕುಂಚದಿಂದ ಸೋಕಿಸುವುದು. ಕಾಡಿಗೆ ಅಲ್ಲಲ್ಲಿ ಮಾಸಿತ್ತು, ಅದಕ್ಕೆ ಅಂಜಬೇಕಾಗಿಲ್ಲ. ಅಕ್ಷರವಿರುವುದು ಕಂಠದಿಂದ ಕೊರೆದ ಗೀರಿನಲ್ಲಿ. ಮಸಿಯನ್ನು ಮತ್ತೆ ತುಂಬಬಹುದು, ಮುರಿದುದನ್ನು ತುಂಬಲಾಗದು.

ತೇವವನ್ನು ಅಳೆಯುವ ಯಂತ್ರವೊಂದನ್ನು ಮೊಮ್ಮಗ ಕಳುಹಿಸಿದನು. ಅದು ಬರುವ ಮೊದಲೇ ಮನೆಯಾಕೆಯ ಉಪ್ಪಿನ ಜಾಡಿ ಆ ಕೆಲಸ ಮಾಡುತ್ತಿತ್ತು. ಆಷಾಢದಲ್ಲಿ ಒಂದು ಬೆಳಗ್ಗೆ ಆಕೆ, “ಉಪ್ಪು ಬೆವರಿದೆ, ಇವತ್ತು ಕಟ್ಟು ಬಿಚ್ಚಬೇಡಿ” ಎಂದರು. ಇದು ಬರಿಯ ಊಹೆಯಲ್ಲ. ಶುದ್ಧವಾದ ಉಪ್ಪು ಗಾಳಿಯ ತೇವಾಂಶ ನೂರಕ್ಕೆ 75ನ್ನು ಮುಟ್ಟುವವರೆಗೆ ಒಣಗಿಯೇ ಇದ್ದು, ಅದನ್ನು ದಾಟಿದೊಡನೆ ನೀರಾಗತೊಡಗುತ್ತದೆ. ಇದು ಎಷ್ಟು ನಿಯತವೆಂದರೆ ಚುಟ್ಟಾ ಕಾಪಾಡುವವರು ತಮ್ಮ ಯಂತ್ರದ ತಪ್ಪುಒಪ್ಪುಗಳನ್ನು ಒದ್ದೆ ಉಪ್ಪಿನ ಪಕ್ಕದಲ್ಲಿಟ್ಟೇ ತಿದ್ದಿಕೊಳ್ಳುತ್ತಾರೆ. ಅಡಿಗೆಮನೆಯ ಕಲ್ಲುಪ್ಪಿನಲ್ಲಿ ಮೆಗ್ನೀಸಿಯಮ್ಮಿನ ಲವಣವೂ ಬೆರೆತಿರುವುದರಿಂದ ಅದು ಇನ್ನೂ ಬೇಗ ಬೆವರುತ್ತದೆ. ಓಲೆಯ ಕಾವಲಿಗೆ ಹಾಗೆ ಮುಂಚೆಯೇ ಕೂಗುವ ಕಾವಲುಗಾರನೇ ಬೇಕು.

ಕಟ್ಟುಗಳನ್ನು ಮೈಸೂರಿಗೆ ಒಪ್ಪಿಸಬಾರದೇಕೆ ಎಂದು ಕೇಳಿದವರುಂಟು. 1891ರಲ್ಲಿ ಸ್ಥಾಪಿತವಾದ ಅಲ್ಲಿಯ ಪ್ರಾಚ್ಯ ಕೋಶಾಗಾರಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ಒಪ್ಪಿಸದೆ ಮನೆಯಲ್ಲಿಯೇ ಇಟ್ಟುಕೊಂಡಿದ್ದರೆ, ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅದರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸುವಂತಿರಲಿಲ್ಲ. ಯಜಮಾನರಿಗೆ ಇದು ತಿಳಿಯದುದಲ್ಲ. ಮನೆಮದ್ದಿನ ಕಟ್ಟನ್ನು ಕೊಡಲು ಅವರು ಒಪ್ಪಿದ್ದಾರೆ. ಹೆಸರುಗಳ ಕಟ್ಟು ಲೋಕಕ್ಕೆ ಬೇಕಾದುದಲ್ಲ, ಮನೆಗೆ ಬೇಕಾದುದು. ಅದು ಇಲ್ಲಿಯೇ ಇರಲಿ ಎನ್ನುತ್ತಾರೆ. ಆದರೆ ಅವರ ನಂತರ ಬೆಳಗ್ಗೆ ಸಂಜೆ ಮುಚ್ಚಳ ತೆರೆಯುವವರು ಯಾರೆಂದು ಮನೆಯಾಕೆ ಕೇಳಿದಾಗ ಅವರು ಉತ್ತರ ಹೇಳಲಿಲ್ಲ.

ಹದಿನಾರರಲ್ಲಿ ಹನ್ನೊಂದು ಓಲೆಗಳು ಈಗ ಹದಕ್ಕೆ ಬಂದಿವೆ. ಚಿತ್ರವನ್ನೂ ತೆಗೆದಾಗಿದೆ. ಬೀರುವಿನ ಬದಲು ಒಳಕೋಣೆಯ ಹಲಸಿನಮರದ ಪೆಟ್ಟಿಗೆಯೊಳಗೆ, ಕೆಂಪುಬಟ್ಟೆಯಲ್ಲಿ ಅವನ್ನಿರಿಸಿದ್ದಾರೆ. ಮುರಿದ ಓಲೆಯ ತುಂಡುಗಳು ಬೇರೆಯ ಲಕೋಟೆಯಲ್ಲಿವೆ. ಕಳೆದ ಮಹಾಲಯದಲ್ಲಿ ಯಜಮಾನರು ಆ ಹೆಂಗಸನ್ನು ಉಳಿದ ಎರಡಕ್ಷರಗಳಿಂದಲೇ ನೆನೆದು ನೀರು ಬಿಟ್ಟರು. ಮಿಕ್ಕ ಐದು ಓಲೆಗಳು ಮಳೆ ಹಿಂದೆಗೆದು ಜಾಡಿಯ ಉಪ್ಪು ಮತ್ತೆ ಉದುರುದುರಾಗುವುದನ್ನು ಕಾಯುತ್ತಿವೆ.