ನಿಂತ ಲಾರಿಯ ಲೆಕ್ಕ

ನಲವತ್ತು ದಾಟಿದ ಗಂಡಸಿಗೆ ಹುಟ್ಟುವ ಆಸೆಗಳಲ್ಲಿ ಮನೆಯಲ್ಲಿ ಹೇಳುವಂಥವು ಕೆಲವು, ಹೇಳಬಾರದಂಥವು ಕೆಲವು. ಲಾರಿ ಡ್ರೈವರ್ ಆಗಬೇಕೆಂಬ ನನ್ನ ಆಸೆ ಯಾವ ಪಟ್ಟಿಗೆ ಸೇರುತ್ತದೆಂದು ತಿಳಿಯದೆ ಬಹಳ ದಿನ ಬಾಯಿ ಬಿಗಿಹಿಡಿದಿದ್ದೆ. ಊರು ವಿಜಯಪುರ ಕಡೆಯ ನಿಡೋಣಿ, ಕೆಲಸ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತಿಕೆ. ಬೆಳಿಗ್ಗೆ ಹತ್ತಕ್ಕೆ ಕುರ್ಚಿ, ಸಂಜೆ ಐದೂವರೆಗೆ ಬೀಗ. ನಡುವೆ ಪಾಸ್‌ಬುಕ್ಕು, ವೋಚರು, ಜಾಮೀನುದಾರರ ಸಹಿ, ಆಗಾಗ ಕೈಕೊಡುವ ಕಂಪ್ಯೂಟರು. ಫ್ಯಾನಿನ ಕೆಳಗೆ ಕೂತು ತಿನ್ನುವ ಕೆಲಸ ಎಂದು ಊರವರ ಅಂಬೋಣ. ಕೂತೂ ಕೂತೂ ಸೊಂಟ ಹಿಡಿದದ್ದು ಅವರಿಗೆ ಕಾಣುವುದಿಲ್ಲ.

ಈ ಹುಚ್ಚು ಹತ್ತಿಸಿದ್ದು ದ್ರಾಕ್ಷಿ. ಏತ ನೀರಾವರಿಯ ನೀರು ಬಂದ ಮೇಲೆ ಬಬಲೇಶ್ವರ, ತಿಕೋಟಾ ಕಡೆಯ ಬಿಳಿಜೋಳದ ಹೊಲಗಳ ನಡುವೆ ದ್ರಾಕ್ಷಿ ಪಡಗಳು ಹೆಚ್ಚಿದವು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಯಾರಿಗೂ ಪುರಸೊತ್ತಿಲ್ಲ. ಕಡಿದ ಗೊನೆಗಳನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿದರೆ ಎರಡು–ಮೂರು ವಾರಕ್ಕೆ ಒಣದ್ರಾಕ್ಷಿ. ಬಾಕ್ಸ್ ತುಂಬಿ ಕೋಲ್ಡ್ ಸ್ಟೋರೇಜಿಗೆ, ಅಲ್ಲಿಂದ ವಿಜಯಪುರದಲ್ಲೋ ಸಾಂಗಲಿ, ತಾಸಗಾಂವದಲ್ಲೋ ಸವಾಲಿಗೆ, ಅಲ್ಲಿಂದ ಬಡಗಣ ನಾಡಿಗೆ. ಬೆಳೆದ ರೈತ ಸಾಂಗಲಿಯ ಆಚೆ ಹೋಗುವುದಿಲ್ಲ. ಅವನಿಗೆ ಬೆಳೆಸಾಲ ಬರೆದುಕೊಟ್ಟ ನಾನು ಕೌಂಟರಿನ ಆಚೆಯೂ ಹೋಗುವುದಿಲ್ಲ. ದ್ರಾಕ್ಷಿಯ ಸಂಗಡ ದೇಶ ನೋಡುವವನು ಡ್ರೈವರ್ ಒಬ್ಬನೇ.

ಅದಕ್ಕೆ ತಕ್ಕ ರಸ್ತೆಯೂ ಹತ್ತಿರದಲ್ಲೇ ಇದೆ. ವಿಜಯಪುರವನ್ನು ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗರೂರಿನಿಂದ ನಮ್ಮ ಅಂಕೋಲೆಯವರೆಗಿನದು. ಧೂಳಖೇಡದ ಹತ್ತಿರ ಭೀಮಾ ದಾಟಿ ರಸ್ತೆಯನ್ನು ಬಿಡದೆ ಹಿಡಿದರೆ ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ, ಹಿಸಾರ್. ಬಜಾರಕ್ಕೆಂದು ವಿಜಯಪುರಕ್ಕೆ ಹೋದಾಗಲೆಲ್ಲ ಬೈಪಾಸಿನಲ್ಲಿ ಬೈಕು ನಿಲ್ಲಿಸಿ ಹಸಿರು ಬೋರ್ಡುಗಳನ್ನು ಓದುವ ಚಟ ನನಗೆ. ಅದರ ಮೇಲೆ ಮೊಬೈಲು ಬೇರೆ. ಜಾರ್ಖಂಡದ ರಾಜೇಶ್ ರವಾನಿ ಎಂಬ ಲಾರಿ ಡ್ರೈವರ್ ಕ್ಯಾಬಿನ್ನಿನಲ್ಲೇ ಒಲೆ ಹಚ್ಚಿ ಅಡುಗೆ ಮಾಡುತ್ತಾ ಯೂಟ್ಯೂಬಿನಲ್ಲಿ ಲಕ್ಷಾಂತರ ಜನರ ನೆಂಟನಾಗಿದ್ದಾನೆ. ರಾತ್ರಿ ಅದನ್ನು ನೋಡಿ ಮಲಗಿದವನು ಬೆಳಿಗ್ಗೆ ವೋಚರು ಬರೆಯಲು ಕೂತರೆ ಮನಸ್ಸು ಎಲ್ಲಿ ನಿಲ್ಲಬೇಕು? ಊಟದ ವಿಷಯದಲ್ಲಂತೂ ನಮ್ಮ ಸೀಮೆಯವರು ಈ ಕಸುಬಿಗೆ ಹೇಳಿ ಮಾಡಿಸಿದವರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡು ಹೊರಟರೆ ದೆಹಲಿಗೆ ಹೋಗಿ ಬಂದರೂ ಕೆಡುವುದಿಲ್ಲ.

ಸರ್ಕಾರದ ಕಡೆಯಿಂದಲೂ ಅಡ್ಡಿ ಕಡಿಮೆ. ಇಪ್ಪತ್ತು ವರ್ಷ ತುಂಬಿರಬೇಕು, ಕಾರಿನ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು, ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು, ಡಾಕ್ಟರ ಸಹಿ ಬೇಕು. ಎಂಟನೆಯ ಇಯತ್ತೆ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಬಿ.ಕಾಂ. ಓದಿದವನಿಗೆ ಇದರಿಂದ ಲಾಭವಿಲ್ಲ, ನಿಜ. ಕಣ್ಣು ಪರೀಕ್ಷೆಗೆ ಹೋಗುವ ಮುಂಚೆ ಚಷ್ಮಾ ಬದಲಿಸಬೇಕಾಗಬಹುದು, ಅಷ್ಟೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿದ್ದಾರೆ. ನಮ್ಮ ಸಂಘದಲ್ಲಿ ಮ್ಯಾನೇಜರರ ಕೋಣೆಗೂ ಎ.ಸಿ. ಇಲ್ಲ.

ಹಾಗೆಂದು ಲಾರಿಯ ಲೆಕ್ಕ ತಿಳಿಯದವನಲ್ಲ ನಾನು. ಸಾಲದ ಅರ್ಜಿಗಳು ನನ್ನ ಟೇಬಲ್ಲಿನ ಮೇಲೇ ಬರುತ್ತವೆ. ಲಾರಿಗೆ ಸಾಲ ಕೇಳಲು ಬಂದ ಹುಡುಗರ ಬಾಯಲ್ಲಿ ವಿಜಯ ಸಂಕೇಶ್ವರರ ಹೆಸರು ಬಂದೇ ಬರುತ್ತದೆ. ಗದಗಿನ ಮುದ್ರಣದ ಮನೆತನ, ಅದನ್ನು ಬಿಟ್ಟು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಣೆಗೆ ಇಳಿದರು, ಆಮೇಲೆ ಹುಬ್ಬಳ್ಳಿ, ಆಮೇಲೆ ವಿ.ಆರ್.ಎಲ್. 2022ರಲ್ಲಿ ಅವರ ಮೇಲೆ ‘ವಿಜಯಾನಂದ’ ಸಿನಿಮಾ ಬಂದ ಮೇಲೆ ಈ ಮಾತು ಇನ್ನೂ ಹೆಚ್ಚಾಗಿದೆ. ಹುಡುಗರು ಸಿನಿಮಾ ನೋಡಿ ಬರುತ್ತಾರೆ, ನಾನು ಖಾತೆ ನೋಡಿ ಉತ್ತರ ಕೊಡುತ್ತೇನೆ. ಡೀಸೆಲ್, ಟೋಲು, ವಿಮೆ, ಪಾಸಿಂಗ್, ಹತ್ತು ಗಾಲಿಯ ಟೈರು, ಇಷ್ಟೆಲ್ಲ ಕಳೆದು ಉಳಿದದ್ದರಲ್ಲಿ ಕಂತು. ಬಾಡಿಗೆ ಸಿಗದೆ ಲಾರಿ ನಿಂತರೂ ಕಂತು ಓಡುತ್ತಿರುತ್ತದೆ. ಆದ್ದರಿಂದ ಮಾಲೀಕನಾಗುವ ಆಸೆ ನನಗೆ ಎಂದೂ ಬರಲಿಲ್ಲ. ಕಂತು ಕಟ್ಟುವ ತಲೆನೋವು ಯಾರಿಗಾದರೂ ಇರಲಿ, ಸ್ಟೇರಿಂಗ್ ಮಾತ್ರ ನನ್ನದಾಗಲಿ ಎಂಬ ಜಾಣತನ ನನ್ನದು.

ಈ ಜಾಣತನವನ್ನು ನಮ್ಮ ಓಣಿಯ ಕಾಕಾ ಒಬ್ಬರ ಮುಂದೆ ಇಟ್ಟೆ. ಮೀಸೆ ಮೂಡುವ ವಯಸ್ಸಿನಲ್ಲಿ ಕ್ಲೀನರ್ ಆಗಿ ಹೋದವರು, ಮೊಣಕಾಲು ಕೈಕೊಟ್ಟ ಮೇಲೆಯೇ ಊರಿಗೆ ಬಂದು ಕೂತವರು. ಇಂಡಿಯ ನಿಂಬೆಹಣ್ಣು, ನಮ್ಮ ಕಡೆಯ ದ್ರಾಕ್ಷಿ, ದಾಳಿಂಬೆ ಹೇರಿಕೊಂಡು ದೆಹಲಿಯ ಆಜಾದಪುರ ಮಂಡಿ ಕಂಡವರು. ನಾನು ಹೋದ ಹೊತ್ತಿಗೆ ಅವರು ಕೂತಿದ್ದ ಒಣದ್ರಾಕ್ಷಿ ಶೆಡ್ಡಿನ ಮುಂದೆ ಒಂದು ಲಾರಿ ಲೋಡ್ ಆಗಿ, ಹುಡುಗನೊಬ್ಬ ತಾಡಪತ್ರಿ ಬಿಗಿಯುತ್ತಿದ್ದ. ಅವನ ಗಂಟು ಕಾಕಾರ ಮನಸ್ಸಿಗೆ ಬರಲಿಲ್ಲ. ಎದ್ದು ಕುಂಟುತ್ತಾ ಹೋಗಿ ಹಗ್ಗ ಕಿತ್ತುಕೊಂಡರು. ಹಗ್ಗದ ನಡುವೆ ಎದೆಮಟ್ಟದಲ್ಲಿ ಒಂದು ಕುಣಿಕೆ ತಿರುವಿ, ತುದಿಯನ್ನು ಕೆಳಗಿನ ಕೊಂಡಿಗೆ ಹಾಯಿಸಿ, ಅದನ್ನೇ ಮೇಲೆ ತಂದು ಕುಣಿಕೆಯೊಳಗೆ ತೂರಿಸಿದರು. ಗಾಲಿಗೆ ಒಂದು ಕಾಲು ಕೊಟ್ಟು ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ಜಗ್ಗಿದಾಗ ತಾಡಪತ್ರಿ ಬಾಕ್ಸುಗಳ ಮೈಗೆ ಕಚ್ಚಿ ಕೂತಿತು. ತುದಿಯನ್ನು ಮಡಿಚಿ ಸಿಕ್ಕಿಸಿ, ಒಂದೇ ಬೆರಳಿನಿಂದ ಎಳೆದು ಇಡೀ ಗಂಟನ್ನು ಬಿಚ್ಚಿ ತೋರಿಸಿ, ಮತ್ತೆ ಕಟ್ಟಿದರು. ಹುಡುಗ ಅದನ್ನು ಫೋನಿನಲ್ಲಿ ಹಿಡಿದುಕೊಂಡ. ಗಾಳಿ ಬೀಸಿದರೆ ಬಿಚ್ಚಬಾರದು, ಮಂಡಿಯಲ್ಲಿ ಬಿಚ್ಚಲು ತಡವಾಗಬಾರದು, ಎರಡೂ ಒಂದೇ ಗಂಟಿನಲ್ಲಿ ಆಗಬೇಕು ಎಂದರು.

ನಾನು ಮೆಲ್ಲಗೆ ಕೇಳಿದೆ: “ಕಾಕಾ, ಈ ವಯಸ್ಸಿನಾಗ ನಾ ಗಾಡಿ ಹೊಡಿಯಾಕ ಕಲೀಬಹುದೇನ್ರಿ?”

“ಹೊಡಿಯೂದು ಯಾವ ದೊಡ್ಡ ಮಾತ ತಮ್ಮಾ, ಆರು ತಿಂಗಳದಾಗ ಬರತೈತಿ. ಕಾಯೂದು ಬರತೈತೇನ ನಿನಗ?”

ಅಲ್ಲಿಂದ ಮುಂದೆ ಅವರು ಹೇಳಿದ್ದೆಲ್ಲ ನಿಂತ ಲಾರಿಯ ಕತೆ. ಯೂಟ್ಯೂಬಿನಲ್ಲಿ ಓಡುವ ಲಾರಿ ಕಾಣುತ್ತದೆ. ನಿಂತ ಲಾರಿಯನ್ನು ಯಾರು ನೋಡುತ್ತಾರೆ? ಲೋಡ್ ಮಾಡಲು ಬಾ ಎಂದ ದಿನ ಮಾಲು ತಯಾರಿರುವುದಿಲ್ಲ. ತಯಾರಾದರೆ ಹಮಾಲರಿಲ್ಲ. ಲೋಡಾದರೆ ಕಾಟಾದ ಮುಂದೆ ಸಾಲು. ದೊಡ್ಡ ಶಹರದ ಬಾಗಿಲಿಗೆ ಮುಂಜಾನೆ ಮುಟ್ಟಿದರೆ ಹಗಲು ಪ್ರವೇಶವಿಲ್ಲ, ರಾತ್ರಿಯವರೆಗೆ ರಸ್ತೆ ಬದಿಗೆ ನಿಲ್ಲಬೇಕು. ಮಂಡಿಯೊಳಗೆ ಹೋದರೆ ದಲ್ಲಾಳಿ ಇನ್ನೂ ಎದ್ದಿಲ್ಲ. ಖಾಲಿಯಾದ ಮೇಲೆ ವಾಪಸು ಬಾಡಿಗೆ ಸಿಗಬೇಕು. ಸಿಗುವ ತನಕ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಲಾರಿಯ ಕೆಳಗೆ ಚಾಪೆ. ಸ್ನಾನಕ್ಕೆ ರೊಕ್ಕ, ಸಂಡಾಸಿಗೆ ರೊಕ್ಕ, ಊಟಕ್ಕೆ ರೊಕ್ಕ. ಡ್ರೈವರನಿಗೆ ದುಡ್ಡು ಸಿಗುವುದು ಟ್ರಿಪ್ಪಿನ ಲೆಕ್ಕದಲ್ಲಿ. ಹಾಲ್ಟಿಂಗ್ ಎಂದು ಪಾರ್ಟಿಯವರು ಏನಾದರೂ ಕೊಟ್ಟರೆ ಅದು ಮಾಲೀಕನ ಕಿಸೆಗೆ. “ಓಡಿದ್ದಕ್ಕ ರೊಕ್ಕ, ಕಾದದ್ದು ಧರ್ಮಕ್ಕ” ಎಂದು ಕಾಕಾ ಎರಡೇ ಮಾತಿನಲ್ಲಿ ಮುಗಿಸಿದರು.

ಗುಮಾಸ್ತನ ಬುದ್ಧಿ ಸುಮ್ಮನಿರುತ್ತದೆಯೇ? ಕಾನೂನು ಏನು ಹೇಳುತ್ತದೆಂದು ಹುಡುಕಿದೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1961ರಲ್ಲಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದರೆ ಅರ್ಧ ಗಂಟೆ ವಿಶ್ರಾಂತಿ ಎಂದು ಅದರಲ್ಲಿ ಚೆಂದವಾಗಿ ಬರೆದಿದ್ದರು. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅದು ಲಾಗೂ ಆಗುತ್ತಿತ್ತು. ನಮ್ಮ ಕಡೆ ಒಬ್ಬ ಮಾಲೀಕ, ಒಂದು ಲಾರಿ, ಒಬ್ಬ ಡ್ರೈವರ್, ಸಿಕ್ಕರೆ ಒಬ್ಬ ಕ್ಲೀನರ್. ಎಣಿಸಿದರೆ ಐದಾಗುವುದೇ ಇಲ್ಲ. ಇನ್ನು ಇ-ವೇ ಬಿಲ್ಲಿನ ಲೆಕ್ಕ ನೋಡಿ. ಅದರ ಅವಧಿ 200 ಕಿ.ಮೀ.ಗೆ ಒಂದು ದಿನ. ವಿಜಯಪುರದಿಂದ ದೆಹಲಿ ಸುಮಾರು 1600 ಕಿ.ಮೀ. ಅಂದರೆ ಒಣದ್ರಾಕ್ಷಿಯ ಜೊತೆ ಹೋಗುವ ಕಾಗದಕ್ಕೆ ಎಂಟು ದಿನದ ಆಯುಸ್ಸು. ಆ ಕಾಗದವನ್ನು ಹೊತ್ತೊಯ್ಯುವ ಮನುಷ್ಯ ಅದರ ಅರ್ಧದಲ್ಲೇ ಮುಟ್ಟಬೇಕೆಂದು ಎರಡೂ ಕಡೆಯಿಂದ ಫೋನು. ಕಾದು ಕಳೆದ ಹೊತ್ತನ್ನು ಅವನು ರಾತ್ರಿಯ ನಿದ್ದೆಯಲ್ಲಿ ಮುರಿದುಕೊಳ್ಳಬೇಕು. ಬೆಳಗಿನ ಜಾವ ಲಾರಿ ಪಲ್ಟಿ ಎಂದು ಪೇಪರಿನಲ್ಲಿ ಓದಿದಾಗ ಡ್ರೈವರನಿಗೆ ಜೋಂಪು ಹತ್ತಿತ್ತು ಎನ್ನುತ್ತೇವೆ. ಹಿಂದಿನ ದಿನ ಅವನನ್ನು ಬಿಸಿಲಲ್ಲಿ ಕಾಯಿಸಿದವರು ಯಾರು ಎಂದು ಕೇಳುವುದಿಲ್ಲ.

ಅಪಘಾತದಲ್ಲಿ ತಪ್ಪು ಯಾರದೇ ಇರಲಿ, ಜನ ಮೊದಲು ಎಳೆಯುವುದು ದೊಡ್ಡ ಗಾಡಿಯ ಬಾಗಿಲನ್ನು. ಅಜಾಗರೂಕತೆಯಿಂದ ಗುದ್ದಿ ಯಾರಾದರೂ ಸತ್ತಾಗ ಪೊಲೀಸರಿಗೆ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಶಿಕ್ಷೆ ಎಂದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರೆದಾಗ, 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಹಲವು ಕಡೆ ಲಾರಿಗಳು ನಿಂತವು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಹತ್ತಿತು. ಸಂಹಿತೆ ಆ ವರ್ಷ ಜುಲೈ 1ರಿಂದ ಜಾರಿಗೆ ಬಂದರೂ ಆ ಒಂದು ಉಪಕಲಮನ್ನು ತಡೆಹಿಡಿದರು. ನಿಂತು ಹೋದ ಮೇಲೇ ದೇಶಕ್ಕೆ ಡ್ರೈವರನ ನೆನಪಾಗುತ್ತದೆ.

ಉದ್ಯೋಗ ಬದಲಿಸಿ ಈ ಸ್ಟೇರಿಂಗ್ ಹಿಡಿದವರು ಇಲ್ಲವೆಂದಲ್ಲ. ಭೋಪಾಲದ ಯೋಗಿತಾ ರಘುವಂಶಿ ಕಾನೂನು ಪದವೀಧರೆ. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಲು ಲಾರಿ ಹತ್ತಿದವರು, ವರ್ಷಗಟ್ಟಲೆ ಊರಿಂದೂರಿಗೆ ಮಾಲು ಮುಟ್ಟಿಸಿದವರು. ಅವರ ಕತೆ ಓದಿದಾಗ ನನ್ನ ಆಸೆಯ ತೂಕ ಎಷ್ಟೆಂದು ಗೊತ್ತಾಯಿತು. ಅವರನ್ನು ಲಾರಿಗೆ ಹತ್ತಿಸಿದ್ದು ಮನೆಯ ಒಲೆ. ನನ್ನನ್ನು ಹತ್ತಿಸಲು ನೋಡಿದ್ದು ಬೇಸರ. ಬೇಸರ ಇಂದೋರಿನವರೆಗೂ ಬಾಳುವುದು ಅನುಮಾನ.

ಕಡೆಗೆ ಮನೆಯಲ್ಲೂ ಬಾಯಿ ಬಿಟ್ಟೆ. ಅತ್ತು ಕರೆದು ರಂಪ ಮಾಡುತ್ತಾಳೆಂದು ಎಣಿಸಿದ್ದೆ. ಹೆಂಡತಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

“ಹೋಗ್ರಿ, ಯಾರ ಬ್ಯಾಡ ಅಂತಾರ? ಎಳ್ಳಮಾಸಿಗೆ ಚರಗ ಚೆಲ್ಲಾಕ ಹುಡುಗುರನ್ನ ನಾನs ಹೊಲಕ್ಕ ಕರಕೊಂಡ ಹೋಗತೀನಿ. ಸಿದ್ಧೇಶ್ವರ ಜಾತ್ರಿನೂ ನಾನs ತೋರಸತೀನಿ. ಆದ್ರ ಬರೂ ಮುಂದ ಖಾಲಿ ಬರಬ್ಯಾಡ್ರಿ, ರಿಟರ್ನ್ ಲೋಡ್ ತಗೊಂಡs ಬರ್ರಿ.”

ಸಾಲ ಮಂಜೂರು ಮಾಡುವ ನಮ್ಮ ಕಮಿಟಿ ಕೂಡ ಇಷ್ಟು ಬೇಗ ಅರ್ಜಿ ವಿಲೇವಾರಿ ಮಾಡಿದ್ದಿಲ್ಲ. ನಮ್ಮ ಊರುಗಳಲ್ಲಿ ಡ್ರೈವರನಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಾರಲ್ಲ, ಅದು ಸಂಬಳ ಕಡಿಮೆಯೆಂದಷ್ಟೇ ಅಲ್ಲ. ಅವನ ಕಾಯುವಿಕೆಯಲ್ಲಿ ಅರ್ಧ ಪಾಲು ಹೆಂಡತಿಗೂ ಬರುತ್ತದೆಂದು ಹೆತ್ತವರಿಗೆ ಗೊತ್ತು.

ನಾನು ಕುರ್ಚಿ ಬಿಡುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಕಾಯುವುದು ಇಲ್ಲಿಯೂ ಉಂಟು. ಕಂಪ್ಯೂಟರು ಎಚ್ಚರಾಗುವ ತನಕ, ಜಾಮೀನುದಾರ ಹೊಲದಿಂದ ಬರುವ ತನಕ ಕೈಕಟ್ಟಿ ಕೂರುತ್ತೇನೆ. ಆದರೆ ಕೂತ ಹೊತ್ತಿಗೂ ಸಂಬಳ ಸಿಗುತ್ತದೆ, ತಲೆಯ ಮೇಲೆ ಸೂರಿದೆ, ರಾತ್ರಿ ಮನೆಯ ಊಟವಿದೆ. ಇದನ್ನು ಬಿಟ್ಟು ಹೊರಡುವ ಧೈರ್ಯವಿದ್ದವರು ಮೊದಲು ಒಂದು ಟ್ರಿಪ್ಪು ಕ್ಲೀನರ್ ಆಗಿ ಹೋಗಿ ಬರಲಿ. ಬಂದ ಮೇಲೂ ಆಸೆ ಉಳಿದಿದ್ದರೆ ಲೈಸೆನ್ಸಿಗೆ ಅರ್ಜಿ ಹಾಕಲಿ. ಉಳಿದವರಿಗೆ, ಅಂದರೆ ತೋಟ, ಅಂಗಡಿ, ಗೋದಾಮು ಇದ್ದವರಿಗೆ, ನನ್ನದೊಂದು ವಿನಂತಿ. ನಿಮ್ಮ ಬಾಗಿಲಿಗೆ ಲಾರಿ ಬರುವ ಹೊತ್ತಿಗೆ ಹಮಾಲರನ್ನು ಕರೆಸಿಡಿ. ಆಗದಿದ್ದರೆ ಡ್ರೈವರನಿಗೆ ಸ್ನಾನಕ್ಕೆ ನೀರು, ಮಲಗಲು ನೆರಳು ಕೊಡಿ. ಕಾಯಿಸಿದ ದಿನದ ಭತ್ಯೆಯನ್ನು ಮಾಲೀಕನ ಖಾತೆಗೆ ಹಾಕಬೇಡಿ, ಅವನ ಕೈಗೇ ಕೊಡಿ.