ಕೋಡುಬಳೆ ನಿಮ್ಮದು, ಡಬ್ಬಿ ನನ್ನದು

ನಮ್ಮ ಸೋದರತ್ತೆಗೆ ದೀಪಾವಳಿಗೆ ಏನು ಕೊಟ್ಟರೂ ಅದರಲ್ಲೊಂದು ಐಬು ಇದ್ದೇ ಇರುತ್ತಿತ್ತು. ಸೀರೆ ಕೊಟ್ಟರೆ ಅಂಚು ಚಿಕ್ಕದಾಯಿತು. ಶಾಲು ಕೊಟ್ಟರೆ, ಮೈಸೂರಿನಲ್ಲಿ ಅಷ್ಟು ಚಳಿ ಎಲ್ಲಿದೆ ಎಂದರು. ಬೆಳ್ಳಿಯ ಕುಂಕುಮದ ಭರಣಿ ಕೊಟ್ಟಾಗ ಮುಚ್ಚಳ ತಿರುಗಿಸಿ ನೋಡಿ “ಸಡಿಲ” ಎಂದರು. ಮುಚ್ಚಳ ನಿಜವಾಗಿಯೂ ಸಡಿಲವಿತ್ತು. ರವಿಕೆ ಕಣವಂತೂ ಅವರ ಕೈದಾಟಿ, ನಾಲ್ಕು ಮನೆ ಸುತ್ತಿ, ಮುಂದಿನ ಗೌರಿ ಹಬ್ಬಕ್ಕೆ ಯಾರದೋ ಬಾಗಿನದ ಮೊರದೊಳಗೆ ಕೂತು ನಮ್ಮ ಮನೆಗೇ ಬಂತು. ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ.

ಅತ್ತೆ ಕೆಟ್ಟವರಲ್ಲ. ಇಂಥವರು ಒಬ್ಬಿಬ್ಬರು ಎಲ್ಲ ಮನೆತನದಲ್ಲೂ ಇರುತ್ತಾರೆ. ಹಬ್ಬಕ್ಕೆ ಅವರು ಬಂದರೆ ಉಳಿದವರೆಲ್ಲ ಸೆರಗು ಸರಿಮಾಡಿಕೊಂಡು, ಮಾತು ತೂಗಿಕೊಂಡು ಕೂರುತ್ತಾರೆ. ಬರದಿದ್ದರೆ “ಯಾಕೆ ಬರಲಿಲ್ಲವೋ” ಎಂದು ಹತ್ತು ಸಲ ಕೇಳಿಕೊಳ್ಳುವುದೂ ಅವರನ್ನೇ. ಬೆಲೆಬಾಳುವ ವಸ್ತು ಕೊಟ್ಟು ಇವರನ್ನು ಮೆಚ್ಚಿಸುವುದು ಆಗದ ಕೆಲಸ ಎಂದು ಗೊತ್ತಾದ ಮೇಲೆ, ನಗಿಸುವ ವಸ್ತು ಹುಡುಕತೊಡಗಿದೆ.

ಎದುರಿಗೇ ಆಡಿಕೊಂಡು ನಗುವುದು ನಮ್ಮಲ್ಲಿ ಹೊಸದೇನಲ್ಲ. ಮದುವೆಮನೆಯಲ್ಲಿ ಉರುಟಣೆಯ ಹೊತ್ತಿಗೆ, ಭೂಮದೂಟದ ಹೊತ್ತಿಗೆ ಹೆಂಗಸರು ಬೀಗರ ಹಾಡು ಎತ್ತಿಕೊಳ್ಳುತ್ತಿದ್ದರು. ಬೀಗಿತ್ತಿಯ ಜಿಪುಣತನ, ಬಾಯಿಜೋರು, ಹಸಿವು ಎಲ್ಲವೂ ರಾಗವಾಗಿ ಹೊರಬೀಳುತ್ತಿತ್ತು. ಬೀಗಿತ್ತಿ ಎಲೆಯ ಮುಂದೆ ಕೂತು ಅಷ್ಟನ್ನೂ ಕೇಳಬೇಕು. ಆಮೇಲೆ ಅವರ ಕಡೆಯವರು ತಿರುಗಿ ಹೇಳಬೇಕು. ಹೀಗೆ ಸರದಿ ಇದ್ದುದರಿಂದಲೇ ಅದು ನೋಯಿಸುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಈಗ ಛತ್ರವನ್ನು ಒಂದೂವರೆ ದಿನಕ್ಕೆ ಗೊತ್ತುಮಾಡುತ್ತಾರೆ, ಹಾಡಿಗೆ ಹೊತ್ತಿಲ್ಲ. ಆ ಹಾಡು ಮಾಡುತ್ತಿದ್ದ ಕೆಲಸವನ್ನು ಒಂದು ಪೊಟ್ಟಣದಿಂದ ಮಾಡಿಸಬಹುದೇ ಎಂದು ನೋಡುವ ಆಸೆ ನನಗೆ.

ಮೊದಲನೆಯ ಸಲವೇ ತಪ್ಪಿದೆ. ಮೈದುನನಿಗೆ ಎಚ್ಚರವಾಗುವುದು ತಡ. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೂ ಅವನನ್ನು ಹೊದಿಕೆ ಎಳೆದು ಎಬ್ಬಿಸಬೇಕು. ಅವನಿಗೆ ಎರಡು ಗಂಟೆಗಳಿರುವ, ಬೀದಿಗೆಲ್ಲ ಕೇಳುವಂಥ ಅಲಾರಾಂ ಗಡಿಯಾರ ಕೊಟ್ಟೆ. ಮನೆಯವರೆಲ್ಲ ನಕ್ಕರು, ಅವನು ನಗಲಿಲ್ಲ. ಎರಡು ತಿಂಗಳಿಂದ ಅವನಿಗೆ ರಾತ್ರಿ ಪಾಳಿ. ಹಗಲು ನಿದ್ದೆ ಹತ್ತುತ್ತಿಲ್ಲವೆಂದು ಅವನು ಯಾರಿಗೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. “ಚೆನ್ನಾಗಿದೆ ಅತ್ತಿಗೆ” ಎಂದು ಒಳಗೆ ತೆಗೆದಿಟ್ಟ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಅಂದಿನಿಂದ ಯಾರಿಗಾದರೂ ತಮಾಷೆಯ ಉಡುಗೊರೆ ಕೊಳ್ಳಬೇಕೆಂದರೆ ಮೊದಲು ಹೋಗಿ ಅವರ ಜೊತೆ ಒಂದು ಸಂಜೆ ಕೂತು ಬರುತ್ತೇನೆ.

ಹಾಗೆ ಕೂತು ಬಂದದ್ದು ಭಾವನ ಜೊತೆ. ಅಕ್ಕನ ಗಂಡ, ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು. ಅವರ ಮಾತಿಗೆ ಯಾರೂ “ಆದರೆ” ಅನ್ನುವಂತಿಲ್ಲ. ಆ ಸಂಜೆ ಅವರು ಮೂರು ಗಂಟೆ ಮಾತಾಡಿದರು. ಮೂವತ್ತು ವರ್ಷ ತರಗತಿಯ ತುಂಬ ತಲೆಯಾಡಿಸುವ ಮಕ್ಕಳನ್ನು ಕಂಡವರಿಗೆ ಈಗ ಎದುರಿಗೆ ಇರುವುದು ಟೀವಿಯೊಂದೇ ಎಂದು ನನಗೆ ಹೊಳೆಯಿತು. ಸ್ಪ್ರಿಂಗಿನ ಕತ್ತಿನ ಗೊಂಬೆ ತರಬೇಕೆಂದು ಅಲ್ಲೇ ಗೊತ್ತುಮಾಡಿಕೊಂಡೆ.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೆ ಕಾರುಗಳು ಚನ್ನಪಟ್ಟಣವನ್ನು ಹೊರಗಿನಿಂದಲೇ ದಾಟಿಬಿಡುತ್ತವೆ. ಗೊಂಬೆ ಬೇಕಾದವರು ಹಳೆಯ ರಸ್ತೆಗೆ ಇಳಿಯಬೇಕು. ಇಳಿದೆ. ಆಲೆಮರದ ತುಂಡನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ಅದು ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಗರಿ ಹಿಡಿದರೆ ಕನ್ನಡಿಯಂಥ ಹೊಳಪು. ಭಾವನಿಗೆ ಕೊಡುವ ಗೊಂಬೆಯ ಬಣ್ಣ ಎಲ್ಲಾದರೂ ಗೀರಿದ್ದರೆ ಅವರು ಆ ಗೀರಿನ ಬಗ್ಗೆಯೇ ಅರ್ಧ ಗಂಟೆ ಪಾಠ ಮಾಡುತ್ತಾರೆ, ತಮಾಷೆ ಅಲ್ಲಿಗೇ ಸತ್ತುಹೋಗುತ್ತದೆ. ಹತ್ತು ಗೊಂಬೆ ತಿರುಗಿಸಿ ನೋಡಿ, ಕೆಂಪು ಪೇಟದ ಒಬ್ಬ ಮುದುಕನನ್ನು ಆರಿಸಿದೆ.

ಭಾವ ಅವನನ್ನು ಮೇಜಿನ ಮೇಲೆ ಕೂರಿಸಿ ಮುಂದಿನಿಂದ ಬೆರಳಲ್ಲಿ ತಟ್ಟಿದರು. ಮುದುಕ ಹೌದು ಹೌದೆಂದು ತಲೆಯಾಡಿಸಿದ. “ಈ ಮನೆಯಲ್ಲಿ ಒಬ್ಬನಾದರೂ ಒಪ್ಪಿದನಲ್ಲ!” ಎಂದು ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಅಡುಗೆಮನೆಯಿಂದ ಬಂದು ಪಕ್ಕದಿಂದ ಒಂದು ತಟ್ಟಿದಳು. ಮುದುಕ ಎಡಕ್ಕೂ ಬಲಕ್ಕೂ ಕತ್ತು ಹೊರಳಿಸಿ ಇಲ್ಲ ಇಲ್ಲವೆಂದ. ಈಗ ಅವರ ಮನೆಯ ವಾದಗಳೆಲ್ಲ ಆ ಗೊಂಬೆಯನ್ನು ಯಾರು ಮೊದಲು ತಟ್ಟುತ್ತಾರೆ ಎಂಬಲ್ಲಿಗೆ ಮುಗಿಯುತ್ತವೆ.

ಅತ್ತೆಯ ಮನೆಯಲ್ಲಿ ಕೂತ ಸಂಜೆ ಇಷ್ಟು ಸಲೀಸಾಗಿರಲಿಲ್ಲ. ಅವರು ಕಾಫಿ ಕೊಟ್ಟು ಅಟ್ಟದಿಂದ ಡಬ್ಬಿಗಳನ್ನು ಇಳಿಸಿ ಒರೆಸುತ್ತ ಕೂತರು. ಹಬ್ಬ ಬಂದರೆ ಕೋಡುಬಳೆ, ರವೆಉಂಡೆ ಮಾಡಿ ಹದಿನೈದು ಮನೆಗೆ ಹಂಚುವವರು ಅವರು. ಆ ಡಬ್ಬಿಗಳು ತಿರುಗಿ ಬರುತ್ತಿರಲಿಲ್ಲ. ಬಂದರೂ ಬರಿದಾಗಿ ಬರುತ್ತಿದ್ದವು. ಕೊಟ್ಟ ಪಾತ್ರೆಯಲ್ಲಿ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಮರಳಿಸುವ ಪದ್ಧತಿ ಅವರಿಗೆ ತವರಿನಿಂದ ಬಂದದ್ದು. ಯಾರ ಮನೆಯಲ್ಲಿ ಯಾವ ಡಬ್ಬಿ ಉಳಿಯಿತು ಎಂಬ ಲೆಕ್ಕ ಅವರ ನಾಲಗೆಯ ಮೇಲಿತ್ತು. ಕೇಳುತ್ತ ಕೇಳುತ್ತ ಅದು ಡಬ್ಬಿಯ ಲೆಕ್ಕವಲ್ಲ, ಈ ಮನೆಗೆ ಬರುವುದನ್ನು ನಿಲ್ಲಿಸಿದವರ ಲೆಕ್ಕ ಎಂದು ಗೊತ್ತಾಯಿತು. ನಮ್ಮ ಹೆಸರಿನಲ್ಲಿ ಎರಡಿದ್ದವು.

ಮಾರನೆಯ ದಿನ ಪಾತ್ರೆ ಅಂಗಡಿಗೆ ಹೋದೆ. ಅಗಲ ಬಾಯಿಯ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಕೊಂಡು, ಮುಚ್ಚಳ ಬಿಗಿಯಾಗಿದೆಯೇ ಎಂದು ಅತ್ತೆಯ ಕಣ್ಣಿನಿಂದಲೇ ಪರೀಕ್ಷಿಸಿ, ಹೆಸರು ಹಾಕುವವನ ಕೈಗೆ ಕೊಟ್ಟೆ. ಮದುವೆ, ಗೃಹಪ್ರವೇಶ, ನೆನಪಿಗಾಗಿ ಎಂದು ಕೊರೆದು ಪಳಗಿದ ಕೈ. ನಾನು ಬರೆದುಕೊಟ್ಟ ಚೀಟಿಯನ್ನು ಎರಡು ಸಲ ಓದಿ, “ಇದು ಯಾರ ಹೆಸರಮ್ಮ?” ಎಂದ. ಹೆಸರಲ್ಲ, ಹೀಗೇ ಬರೆಯಪ್ಪ ಎಂದೆ. ಯಂತ್ರ ಜೀರುಂಡೆಯ ಹಾಗೆ ಗುಂಯ್‌ಗುಡುತ್ತ ಚುಕ್ಕಿ ಚುಕ್ಕಿಯಾಗಿ ಬರೆಯಿತು: ಕೋಡುಬಳೆ ನಿಮ್ಮದು, ಡಬ್ಬಿ ನನ್ನದು.

ಬಲಿಪಾಡ್ಯಮಿಯ ದಿನ ತಟ್ಟೆಯಲ್ಲಿ ಎಲೆ, ಅಡಿಕೆ, ಹಣ್ಣಿಟ್ಟು, ನಮ್ಮ ಮನೆಯಲ್ಲಿ ಉಳಿದಿದ್ದ ಆ ಎರಡು ಹಳೆಯ ಡಬ್ಬಿಗಳನ್ನೂ ತುಂಬಿಸಿ ಪಕ್ಕಕ್ಕಿಟ್ಟು, ಹೊಸದನ್ನು ಕೊಟ್ಟು ನಮಸ್ಕಾರ ಮಾಡಿದೆ. ಎಂಥ ಹಬ್ಬದ ದಿನವಾದರೂ ತಮಾಷೆಯನ್ನು ಹಿರಿಯರಿಗೆ ಬರಿಗೈಯಲ್ಲಿ ಎಸೆದಂತೆ ಕೊಡಬಾರದು. ಅತ್ತೆ ಮೊದಲು ಮುಚ್ಚಳ ತಿರುಗಿಸಿದರು. ಬಿಗಿಯಿತ್ತು. ಆಮೇಲೆ ಕನ್ನಡಕ ಹಾಕಿಕೊಂಡು ಓದಿದರು. ಒಂದು ಗಳಿಗೆ ಮನೆಯೆಲ್ಲ ಉಸಿರು ಬಿಗಿಹಿಡಿದಿತ್ತು. “ಏನೇ ಇದು, ನನ್ನ ಬಾಯನ್ನೇ ಕೊರೆಸಿಕೊಂಡು ಬಂದಿದೀಯಲ್ಲೇ!” ಎಂದು ಅವರು ನಕ್ಕ ನಗೆ ಬಾಗಿಲಾಚೆಯ ರಂಗೋಲಿಯವರೆಗೂ ಕೇಳಿತು. ಐಬು ಹೇಳಲಿಲ್ಲ.

ಕಳೆದ ದೀಪಾವಳಿಗೆ ಆ ಡಬ್ಬಿ ಕೋಡುಬಳೆ ತುಂಬಿಕೊಂಡು ನಮ್ಮ ಮನೆಗೆ ಬಂತು. ತಿಂದು, ತೊಳೆದು, ಒರೆಸುವಾಗ ಬೆರಳಿಗೆ ಏನೋ ತರಿತರಿಯಾಯಿತು. ನಾನು ಕೊರೆಸಿದ ಸಾಲಿನ ಕೆಳಗೆ ಇನ್ನೊಂದು ಸಾಲು. ಅತ್ತೆ ತಾವೇ ಅಂಗಡಿಗೆ ಹೋಗಿ ಹಾಕಿಸಿದ್ದರು: ಬರಿದು ಕಳಿಸಬೇಡಿ. ಸಂಜೆ ಆರಕ್ಕೆ ಕೊಬ್ಬರಿ ಮಿಠಾಯಿಯ ಪಾಕ ಒಲೆಯ ಮೇಲಿಟ್ಟೆ.