ಆಗುಂಬೆ ಘಾಟಿಯಲ್ಲಿ ಹಳೆಯ ಕಾರಿಗೆ ಬಿಸಿಯೇರಿದಾಗ

ಹೆಬ್ರಿ ಬಿಟ್ಟು, ಸೀತಾನದಿ ದಾಟಿ, ಸೋಮೇಶ್ವರದ ಕಾಡಿನ ನೆರಳಿಗೆ ಬರುವವರೆಗೂ ರಸ್ತೆ ಸಾಧುವಾಗಿಯೇ ಇರುತ್ತದೆ. ಅಲ್ಲಿಂದ ಮುಂದೆ ಅದರ ವರಸೆಯೇ ಬೇರೆ. ಆಗುಂಬೆ ತಲುಪುವ ಸುಮಾರು 10 ಕಿಲೋಮೀಟರಿನಲ್ಲಿ 14 ಕಡಿದಾದ ತಿರುವುಗಳು. ಏರಬೇಕಾದ ಎತ್ತರ ಅರ್ಧ ಕಿಲೋಮೀಟರಿಗೂ ಹೆಚ್ಚು. ಒಂದು ಬದಿಗೆ ಗುಡ್ಡದ ಗೋಡೆ, ಇನ್ನೊಂದು ಬದಿಗೆ ಹಸಿರು ತುಂಬಿದ ಕಣಿವೆ. ದೊಡ್ಡ ಬಸ್ಸು ತಿರುಗಲು ಜಾಗ ಸಾಲದ ಈ ದಾರಿಯಲ್ಲಿ ಮಿನಿ ಬಸ್ಸುಗಳದ್ದೇ ಕಾರುಬಾರು.

ಸೂರ್ಯಾಸ್ತ ನೋಡಲು ಬರುವವರಿಗೆ ಇದು ಪ್ರವಾಸದ ಹಾದಿ. ಆದರೆ ತೀರ್ಥಹಳ್ಳಿ ಸೀಮೆಯ ಜನ ಮಣಿಪಾಲದ ಆಸ್ಪತ್ರೆಗೆ ಹೋಗಿ ಬರುವುದೂ ಇದೇ ಹಾದಿಯಲ್ಲಿ. ಹಾಗಾಗಿ ಘಾಟಿಯ ನಡುವೆ ಕಾರೊಂದು ಬುಸ್ಸೆಂದು ಹಬೆಯುಗುಳಿ ನಿಂತರೆ ಅದು ನಗುವ ಸಂಗತಿಯಲ್ಲ. ತಯಾರಿಕೆ 2014ರಲ್ಲಿ ನಿಂತರೂ ಕೆಲವು ಮನೆಗಳಲ್ಲಿ ಇನ್ನೂ ಉಳಿದಿರುವ ಅಂಬಾಸಿಡರ್ ಕಾರನ್ನೇ ನೆನೆದುಕೊಳ್ಳಿ. ಒಳಗೆ ಐದು ಜನ, ಹಿಂದೆ ಡಿಕ್ಕಿ ತುಂಬ ಸಾಮಾನು, ಕಾಲ ಏಪ್ರಿಲ್ ತಿಂಗಳ ಮಧ್ಯಾಹ್ನ. ಏಳೆಂಟನೇ ತಿರುವಿನ ಹೊತ್ತಿಗೆ ಬಾನೆಟ್ ಸಂದಿಯಿಂದ ಬಿಳಿ ಹಬೆ!

ವಿಚಿತ್ರ ನೋಡಿ. ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನ ಬಾಗಿಲಲ್ಲಿ ಕಾರು ‘ನೀರಿಲ್ಲ’ ಎಂದು ನಿಲ್ಲುತ್ತದೆ. ಆದರೆ ನಿಜವಾದ ಕಾಯಿಲೆ ಹಲವು ಬಾರಿ ನೀರಿನ ಕೊರತೆಯಲ್ಲ. ನೀರು ಬರಿಯ ಹೊರೆಯಾಳು. ಇಂಜಿನ್ನಿನ ಶಾಖವನ್ನು ಹೊತ್ತು ತಂದು ಗಾಳಿಗೆ ಒಪ್ಪಿಸುವುದಷ್ಟೇ ಅದರ ಕೆಲಸ. ಆ ಸಾಗಣೆ ಎಲ್ಲಿ ತಪ್ಪಿತು ಎಂದು ಕಂಡುಹಿಡಿಯುವುದೇ ರೋಗಪರೀಕ್ಷೆ.

ಘಟ್ಟದಲ್ಲೇ ಏಕೆ?

ಶಾಲೆಯ ಲೆಕ್ಕವೊಂದನ್ನು ಇಲ್ಲಿ ಹಾಕಬಹುದು. ಜನ, ಸಾಮಾನು ಸೇರಿ 1,500 ಕಿಲೋಗ್ರಾಂ ತೂಗುವ ಕಾರನ್ನು 550 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಸುಮಾರು 81 ಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವುದು ಸುಮಾರು 3 ಕೋಟಿ 20 ಲಕ್ಷ ಜೂಲ್. ಹಳೆಯ ಇಂಜಿನ್ ಅದರಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆಂದರೆ, ಎತ್ತರ ಏರುವುದಕ್ಕೇ ಒಂದು ಲೀಟರ್ ಬೇಕು. ಉಳಿದ ಶಾಖದಲ್ಲಿ ಒಂದಿಷ್ಟು ಹೊಗೆಕೊಳವೆಯಲ್ಲಿ ಹೋಗುತ್ತದೆ. ಒಟ್ಟು ಶಕ್ತಿಯ ಮೂರನೇ ಒಂದು ಪಾಲು, ಅಂದರೆ ಸುಮಾರು ಒಂದು ಕೋಟಿ ಜೂಲ್, ರೇಡಿಯೇಟರಿನ ಪಾಲಿಗೆ ಬರುತ್ತದೆ. ಸ್ನಾನದ ಹಂಡೆಯಲ್ಲಿ 30 ಲೀಟರ್ ತಣ್ಣೀರನ್ನು ಕುದಿಸಲು ಇಷ್ಟು ಶಾಖ ಸಾಕು!

ಬಯಲು ರಸ್ತೆಯಲ್ಲಿ ವೇಗದ ಗಾಳಿ ಈ ಶಾಖವನ್ನು ಕೊಂಡೊಯ್ಯುತ್ತದೆ. ಘಾಟಿಯಲ್ಲಿ ಮೊದಲನೇ, ಎರಡನೇ ಗೇರಿನಲ್ಲಿ ಇಂಜಿನ್ ಜೋರಾಗಿ ದುಡಿಯುತ್ತದೆ, ಕಾರು ಮಾತ್ರ ತೆವಳುತ್ತದೆ. ಎದುರು ಗಾಳಿ ಇಲ್ಲ. ಫ್ಯಾನ್ ಒಂದೇ ಗತಿ.

ಮುಚ್ಚಳಕ್ಕೆ ಕೈ ಹಾಕಬೇಡಿ

ಹಬೆ ಕಂಡೊಡನೆ ಅಗಲವಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಡಬೇಕು. ಹಬೆಯಿಲ್ಲದೆ ಮೀಟರಿನ ಮುಳ್ಳು ಮಾತ್ರ ಏರಿದ್ದರೆ, ನಿಂತಲ್ಲೇ ಒಂದೆರಡು ನಿಮಿಷ ಇಂಜಿನ್ ಓಡಲು ಬಿಟ್ಟು ನೋಡಬಹುದು. ಫ್ಯಾನ್ ತಿರುಗುತ್ತಾ ಶಾಖ ಇಳಿಸೀತು. ಮುಳ್ಳು ಇಳಿಯದಿದ್ದರೆ ಆರಿಸಿಬಿಡಬೇಕು.

ಅನಾಹುತ ಆಗುವುದು ಇದರ ನಂತರ. ಅವಸರದಲ್ಲಿ ಯಾರೋ ರೇಡಿಯೇಟರ್ ಮುಚ್ಚಳ ತಿರುಗಿಸುತ್ತಾರೆ. ಕುತೂಹಲದಿಂದ ಮಕ್ಕಳು ಪಕ್ಕದಲ್ಲೇ ಬಗ್ಗಿರುತ್ತಾರೆ. ಅಡುಗೆಮನೆಯ ಪ್ರೆಶರ್ ಕುಕ್ಕರಿನ ಹಾಗೆ ಈ ಮುಚ್ಚಳವೂ ಒಳಗೆ ಒತ್ತಡ ಹಿಡಿದಿಡುತ್ತದೆ. ಒತ್ತಡ ಏರಿದಂತೆ ಕುದಿಬಿಂದು ಏರುತ್ತದೆ. ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರಬಲ್ಲದು. ಮುಚ್ಚಳ ಸಡಿಲಿಸಿದ ಕ್ಷಣವೇ ಒತ್ತಡ ಬಿದ್ದು ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಸೀಟಿ ಇಳಿಯುವ ಮೊದಲು ಕುಕ್ಕರ್ ತೆರೆಯದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅರ್ಧ ಗಂಟೆಯಾದರೂ ಕಾಯಬೇಕು. ಮಕ್ಕಳನ್ನು ದೂರ ನಿಲ್ಲಿಸಿ, ದಪ್ಪ ಬಟ್ಟೆ ಹಾಕಿ, ಮುಖ ಹಿಂದಕ್ಕಿಟ್ಟು, ಮೊದಲು ಸ್ವಲ್ಪವೇ ತಿರುಗಿಸಿ ಹಬೆ ಹೋಗಲು ಬಿಡಬೇಕು. ನೀರು ತುಂಬುವಾಗಲೂ ಆತುರ ಸಲ್ಲ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದರೆ ಒಡೆಯುವಂತೆ ಕಾದ ಇಂಜಿನ್ನಿನ ಎರಕವೂ ಬಿರುಕು ಬಿಡಬಹುದು. ಇಂಜಿನ್ ಮೆಲ್ಲಗೆ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಸುರಿಯುವುದು ಕ್ಷೇಮ. ತೊರೆಯ ನೀರಾದರೆ ಬಟ್ಟೆಯಲ್ಲಿ ಸೋಸಿರಲಿ.

ಸುಲಭದ್ದು ಮೊದಲು

ಕಾಯುವ ಹೊತ್ತಿನಲ್ಲಿ ಕಣ್ಣಿಗೆ ಕೆಲಸ ಕೊಡಬಹುದು. ರಬ್ಬರ್ ಹೋಸ್ ಬಿರಿದಿದೆಯೇ? ವಾಟರ್ ಪಂಪಿನ ಕೆಳಗೆ ಒದ್ದೆಯಿದೆಯೇ? ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ಜೋಲುತ್ತಿದ್ದರೆ ಫ್ಯಾನೂ ಪಂಪೂ ಎರಡೂ ಸೋಮಾರಿ. ಡೈನಮೋ ಅಥವಾ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ ಬೆಲ್ಟ್ ಬಿಗಿ ಮಾಡಿದರೆ ಎಷ್ಟೋ ಕಾರುಗಳ ಜ್ವರ ಅಲ್ಲೇ ಇಳಿಯುತ್ತದೆ. ರೇಡಿಯೇಟರಿನ ಜಾಲರಿಯಲ್ಲಿ ಕೆಸರು, ಹುಳ, ಒಣಹುಲ್ಲು ಸಿಕ್ಕಿದ್ದರೆ ಗಾಳಿ ನುಗ್ಗುವುದಿಲ್ಲ. ಅದನ್ನು ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಯಬೇಕು.

ಇಂಜಿನ್ ಕಾದಿದ್ದೂ ರೇಡಿಯೇಟರ್ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಬಹುದು. ಇದು ಮೇಣ ಕರಗಿ ಹಿಗ್ಗಿದಾಗ ತೆರೆಯುವ ಪುಟ್ಟ ಬಾಗಿಲು. ಮನೆಯಲ್ಲಿ ಇದನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿದರೆ ಸುಮಾರು 80 ಡಿಗ್ರಿ ಆಸುಪಾಸಿನಲ್ಲಿ ತೆರೆಯುವುದು ಕಾಣುತ್ತದೆ. ಹಿರಿಯರು ಜೊತೆಗಿದ್ದರೆ ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಪ್ರಯೋಗ. ಕೆಟ್ಟ ಥರ್ಮೋಸ್ಟಾಟನ್ನು ಕಿತ್ತೆಸೆದು ಹಾಗೇ ಓಡಿಸುವ ರೂಢಿಯುಂಟು. ಆಗ ಇಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಎಲ್ಲವೂ ಸರಿಯಿದ್ದೂ ಕಾರು ಕಾಯುತ್ತಿದ್ದರೆ ದೋಷ ಒಳಗಿದೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ತುಂಬಿದ ರೇಡಿಯೇಟರಿನೊಳಗೆ, ಹಂಡೆಯ ತಳದಲ್ಲಿ ಕಟ್ಟುವಂಥದ್ದೇ ಬಿಳಿ ಪದರ ಕಟ್ಟಿರುತ್ತದೆ. ಅದು ಶಾಖಕ್ಕೆ ಅಡ್ಡಗೋಡೆ. ಇಂಜಿನ್ ಆಯಿಲ್ ಹಾಲು ಬೆರೆತಂತೆ ಕಂಡರೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಅಂಥ ಗಾಡಿಯನ್ನು ಓಡಿಸದೆ ಮೆಕ್ಯಾನಿಕ್ಕಿನ ಕೈಗೆ ಒಪ್ಪಿಸಬೇಕು. ಹಟ ಹಿಡಿದು ಓಡಿಸಿದರೆ ಬೆಲ್ಟಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಇಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

ಕೂಲೆಂಟ್ ಬೆರೆಸಿದರೆ ಕುದಿಬಿಂದು ಏರುತ್ತದೆ, ತುಕ್ಕೂ ಕಡಿಮೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಲೇಬಾರದು.

ಘಾಟಿ ಹತ್ತುವ ಹಿಂದಿನ ದಿನ, ಇಂಜಿನ್ ತಣ್ಣಗಿರುವಾಗ, ನೀರು, ಬೆಲ್ಟ್, ಹೋಸ್ ಈ ಮೂರನ್ನು ನೋಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಮಕ್ಕಳೂ ಜೊತೆಗಿರಲಿ. ಯಾವುದನ್ನು ಮುಟ್ಟಬೇಕು, ಯಾವುದನ್ನು ಯಾವಾಗ ಮುಟ್ಟಬಾರದು ಎಂಬ ಪಾಠ ಮನೆಯಂಗಳದಲ್ಲೇ ಆಗಿದ್ದರೆ, ಎಂಟನೇ ತಿರುವಿನಲ್ಲಿ ಅದನ್ನು ಕಲಿಯುವ ಪ್ರಸಂಗ ಬಾರದು.